ಒಕ್ಕಲಗಿತ್ತಿಯ ಒಡೆತನ

ಕನ್ನಡದಲ್ಲಿ ‘ಒಕ್ಕಲಗಿತ್ತಿ’ ಎಂಬ ಅರ್ಥಪೂರ್ಣವಾದ ಮಾತೊಂದಿದೆ. ಬಿತ್ತನೆ, ಕಳೆ, ಕೊಯ್ಲು, ಬೀಜದ ಜೋಪಾನ ಇವೆಲ್ಲ ಬಹುಮಟ್ಟಿಗೆ ಅವಳ ಕೈಯಲ್ಲೇ ನಡೆಯುತ್ತ ಬಂದಿವೆ. ಆದರೆ ಕರ್ನಾಟಕದ ಪಹಣಿಯಲ್ಲಾಗಲಿ ಮಹಾರಾಷ್ಟ್ರದ ಸಾತ್‌ಬಾರಾದಲ್ಲಾಗಲಿ ಅವಳ ಹೆಸರು ವಿರಳ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಮಹಿಳೆಯರ ಪಾಲು ಶೇ. 14ನ್ನೂ ಮುಟ್ಟಿರಲಿಲ್ಲ. ರೈತ ಮಹಿಳೆಯರ ಕಿರು ಉದ್ಯಮಗಳಿಗೆ ನೆರವಾಗುವ ಮಾತು ಬಂದಾಗ ಮೊದಲು ನೆನೆಯಬೇಕಾದ ಸಂಗತಿಯಿದು.

ನೆರವಿನ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. 1982ರಲ್ಲಿ ಸ್ಥಾಪನೆಗೊಂಡು ಮುಂಬಯಿಯಲ್ಲಿ ಪ್ರಧಾನ ಕಚೇರಿ ಹೊಂದಿರುವ ನಬಾರ್ಡ್, 1992ರಲ್ಲಿ 500 ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಕೈಗೊಂಡಿತು. ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮೈರಾಡ ಸಂಸ್ಥೆ ಪಡೆದ ಅನುಭವ ಅದರ ಹಿನ್ನೆಲೆಯಲ್ಲಿತ್ತು. ಅಡವಿಲ್ಲದೆ, ಪರಸ್ಪರ ನಂಬುಗೆಯ ಮೇಲೆ ಸಾಲ ದೊರೆಯುವಂತಾದುದು ಸಣ್ಣ ಸಾಧನೆಯಲ್ಲ. ಆದರೆ ಸಾಲವೇ ಸಬಲೀಕರಣವೆಂದು ಭ್ರಮಿಸಲಾಗದು. ಅವಳ ಹೆಸರಿನಲ್ಲಿ ಬಂದ ಹಣ ಮನೆಯ ಬೇರಾವುದೋ ಖರ್ಚಿಗೆ ಸಂದು, ಕಂತು ಕಟ್ಟುವ ಹೊಣೆಯಷ್ಟೇ ಅವಳಿಗೆ ಉಳಿಯುವುದೂ ಉಂಟು.

ಸಾಲದ ಹಣವನ್ನು ಒಡೆತನವಾಗಿಸುವ ಬಗೆಯನ್ನು ಮುಂಬಯಿಯೇ ತೋರಿಸಿಕೊಟ್ಟಿದೆ. 1959ರಲ್ಲಿ ಗಿರ್‌ಗಾಂವ್‌ನ ತಾರಸಿಯೊಂದರ ಮೇಲೆ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲದಿಂದ ಆರಂಭಿಸಿದ ಲಿಜ್ಜತ್ ಪಾಪಡ್ ಬೆಳೆದುದು, ಹಪ್ಪಳ ಲಟ್ಟಿಸುವವಳೇ ಸಂಸ್ಥೆಯ ಒಡತಿ ಎಂಬ ತತ್ತ್ವದಿಂದ. ಇದು ನಗರದ ನಿದರ್ಶನ. ಹಳ್ಳಿಯ ನಿದರ್ಶನ ಬೇಕಾದರೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮವನ್ನು ನೋಡಬೇಕು. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ದೇಸಿ ಬೀಜಗಳ ಬ್ಯಾಂಕನ್ನೂ ಸಿರಿಧಾನ್ಯ ಸಂಸ್ಕರಣಾ ಘಟಕವನ್ನೂ ತಾವೇ ನಡೆಸುತ್ತಾರೆ. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು. ಸಾವೆ, ನವಣೆ ಹೊಲದಿಂದ ನೇರವಾಗಿ ದಲ್ಲಾಳಿಯ ಕೈ ಸೇರಿದರೆ ಬೆಲೆ ಕಟ್ಟುವವನು ಅವನೇ. ಊರಲ್ಲೇ ಹೊಟ್ಟು ತೆಗೆದು ಅಕ್ಕಿಯನ್ನೋ ಹಿಟ್ಟನ್ನೋ ಮಾಡಿದಾಗ, ಹೆಚ್ಚಿದ ಬೆಲೆಯಲ್ಲಿ ಬೆಳೆದವಳಿಗೂ ಪಾಲು ದಕ್ಕುತ್ತದೆ.

ಹೀಗಾಗಿ ಭೂದಾಖಲೆಯಲ್ಲಿ ಹೆಸರು, ಯಂತ್ರದ ಸಾಮೂಹಿಕ ಒಡೆತನ, ನಿಶ್ಚಿತವಾದ ಮಾರುಕಟ್ಟೆ ಈ ಮೂರೂ ಕೂಡಿಬಂದಾಗಲೇ ನೆರವು ಸಾರ್ಥಕವಾದೀತು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಅದನ್ನು ದಾಖಲೆಗೆ ಇಳಿಸುವುದು ಕುಟುಂಬಗಳ ಹಾಗೂ ಕಂದಾಯ ಇಲಾಖೆಯ ಹೊಣೆ. ಯಂತ್ರಕ್ಕೆ ಬಂಡವಾಳ ಒದಗಿಸುವುದು ಬ್ಯಾಂಕುಗಳ ಹೊಣೆ. ಮಾರುಕಟ್ಟೆಯ ವಿಷಯದಲ್ಲಿ ಮುಂಬಯಿ ಕನ್ನಡಿಗರೂ ಹೊಣೆಗಾರರೇ. ಇಲ್ಲಿನ ಉಡುಪಿ ಹೋಟೆಲುಗಳೂ ಕನ್ನಡ ಸಂಘಗಳೂ ತಮಗೆ ಬೇಕಾದ ಧಾನ್ಯ, ಹಪ್ಪಳ, ಉಪ್ಪಿನಕಾಯಿಗಳಲ್ಲಿ ಒಂದಂಶವನ್ನಾದರೂ ಊರಿನ ಮಹಿಳಾ ಸಂಘಗಳಿಂದ ನೇರವಾಗಿ ತರಿಸಿಕೊಳ್ಳಬಹುದು. ತವರಿನ ಅಭಿಮಾನವನ್ನು ಕೇವಲ ವೇದಿಕೆಯ ಮಾತಾಗಿ ಉಳಿಸದಿರಲು ಇದಕ್ಕಿಂತ ಸುಲಭವಾದ ದಾರಿಯಿಲ್ಲ.