ತವಕ್ಕುಲ್ ಇಡಬೇಕಾದವರು ಕಷ್ಟದಲ್ಲಿರುವವರು ಮಾತ್ರವೇ?

"ಅಲ್ಲಾಹು ಇದ್ದಾನೆ, ಸಬ್ರ್ ಮಾಡಿ. ಎಲ್ಲ ಸರಿಯಾಗ್ತದೆ." ಕಷ್ಟದಲ್ಲಿರುವವರ ಮನೆಗೆ ಹೋದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಇದು. ಮಾತು ಸತ್ಯವೇ. ರಿಝ್ಕ್ ಕೊಡುವವನು ಅಲ್ಲಾಹು. ಅಂಗಡಿ, ಧಣಿ, ಗಲ್ಫ್ ವೀಸಾ ಎಲ್ಲವೂ ಬರೀ ನೆಪ. ಆದರೆ ಈ ಮಾತು ಹೇಳಿ ಎದ್ದು ಬಂದ ಮೇಲೆ ನಾವು ಏನು ಮಾಡುತ್ತೇವೆ ಎಂಬುದನ್ನು ಸ್ವಲ್ಪ ಯೋಚಿಸಬೇಕು.

ತುಳುವಿನ 'ಬ್ಯಾರ' ಎಂದರೆ ವ್ಯಾಪಾರ, ಬ್ಯಾರಿ ಎಂಬ ಹೆಸರು ಅದರಿಂದಲೇ ಬಂತು ಎನ್ನುವವರಿದ್ದಾರೆ. ಕರಾವಳಿಯಿಂದ ಬಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಕಡೆ ನೆಲೆಸಿದ ನಮ್ಮವರಲ್ಲಿ ಅಂಗಡಿ, ಹೋಟೆಲ್, ಬೇಕರಿ ನಂಬಿದವರು ಬಹಳ. ಅವರ ದುಡಿಮೆ ತಿಂಗಳ ಒಂದನೇ ತಾರೀಕಿಗೆ ಬ್ಯಾಂಕಿಗೆ ಬಂದು ಬೀಳುವಂಥದ್ದಲ್ಲ. ಇವತ್ತು ಗಲ್ಲಾ ತುಂಬೀತು, ನಾಳೆ ಬೋಣಿಯೂ ಆಗಲಿಕ್ಕಿಲ್ಲ. ಎದುರಿನ ರಸ್ತೆ ಅಗೆದರೆ ಗಿರಾಕಿ ಇಲ್ಲ, ಬಾಡಿಗೆ ಏರಿದರೆ ಜಾಗವೇ ಇಲ್ಲ.

2020ರ ಲಾಕ್‌ಡೌನ್ ಇದನ್ನು ಎಲ್ಲರಿಗೂ ಒಟ್ಟಿಗೆ ತೋರಿಸಿತು. ಆ ವರ್ಷ ರಮಝಾನ್ ಮನೆಯೊಳಗೇ ಕಳೆಯಿತು. ಹಾಜಿಗಳು ಹೊರಡಬೇಕಿದ್ದ ಹೆಗಡೆ ನಗರದ ಹಜ್ ಭವನ ಕೋವಿಡ್ ಆರೈಕೆ ಕೇಂದ್ರವಾಯಿತು. ಆಗ ಎಷ್ಟೋ ಮನೆಗಳ ಒಲೆ ಉರಿದದ್ದು ಯಾರೋ ಬಾಗಿಲಿಗೆ ತಂದಿಟ್ಟ ಅಕ್ಕಿ-ಬೇಳೆಯ ಕಿಟ್‌ನಿಂದ. ಅಲ್ಲಾಹು ರಿಝ್ಕ್ ಕಳಿಸಿದ, ಮನುಷ್ಯರ ಕೈಯಲ್ಲಿ ಕಳಿಸಿದ.

ಮೂಸಾ ನಬಿ(ಅ) ಅವರ ಚರಿತ್ರೆ ಮದ್ರಸದ ಮಕ್ಕಳಿಗೂ ಗೊತ್ತು. ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದಾಗ ಅವರಿಗೆ ಮನೆಯಿಲ್ಲ, ಕೆಲಸವಿಲ್ಲ, ಪರಿಚಯದವರಿಲ್ಲ. ಬಾವಿಯ ಹತ್ತಿರ ಕಾಯುತ್ತಿದ್ದ ಇಬ್ಬರು ಹೆಣ್ಣುಮಕ್ಕಳ ಆಡುಕುರಿಗಳಿಗೆ ನೀರು ಕುಡಿಸಿದರು. ಆಮೇಲೆ ನೆರಳಿಗೆ ಬಂದು, ತನ್ನ ಅಗತ್ಯವನ್ನು ರಬ್ಬ್‌ನ ಮುಂದೆ ಇಟ್ಟು ದುಆ ಮಾಡಿದರು. ಉತ್ತರ ಬಂದದ್ದು ಹೇಗೆ? ಆ ಹೆಣ್ಣುಮಕ್ಕಳ ತಂದೆ ಹೇಳಿಕಳಿಸಿದರು. 'ಹೆದರಬೇಡ' ಎಂದು ಧೈರ್ಯ ಹೇಳಿ, ಕೆಲಸ ಕೊಟ್ಟು, ಮಗಳನ್ನೂ ಮದುವೆ ಮಾಡಿಕೊಟ್ಟರು. ಒಬ್ಬರ ದುಆಕ್ಕೆ ಇನ್ನೊಬ್ಬರ ಮನೆ ಸಬಬ್ ಆಯಿತು.

ಹಾಗಾದರೆ ಪರೀಕ್ಷೆ ಇಲ್ಲದವನಿಗೆ ಮಾತ್ರವಲ್ಲ, ಇದ್ದವನಿಗೂ ಉಂಟು. ಹಕ್ಕಿಗಳು ಬೆಳಿಗ್ಗೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿ ಮರಳುವ ಹದೀಸನ್ನು ಕೆಲಸ ಕಳೆದುಕೊಂಡವನಿಗೆ ನಾವು ಹೇಳುತ್ತೇವೆ. ಆದರೆ ಕೊಟ್ಟರೆ ತನಗೆ ಕಡಿಮೆಯಾದೀತು ಎಂದು ಹೆದರುವವನ ಹತ್ತಿರ ಎಷ್ಟು ತವಕ್ಕುಲ್ ಇದೆ? ಖರ್ಚು ಮಾಡುವವನಿಗೆ ಬಡತನದ ಹೆದರಿಕೆ ಹುಟ್ಟಿಸುವುದು ಶೈತಾನನ ಕೆಲಸ ಎಂದು ಸೂರಃ ಅಲ್‌ಬಕರಃ ಎಚ್ಚರಿಸುತ್ತದೆ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಆದೇಶವೂ ಅದೇ ಸೂರಃದಲ್ಲಿದೆ.

ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಊರಿದು. ಇಲ್ಲಿ ಎರಡು ತಿಂಗಳು ತಾಳ್ಮೆ ತೋರುವ ಮನೆಮಾಲೀಕ, ವ್ಯಾಪಾರ ಬಿದ್ದರೂ ಹುಡುಗರ ಸಂಬಳ ತಡೆಯದ ಅಂಗಡಿಯವನು, ಇವರೂ ರಝ್ಝಾಕ್‌ನಾದ ಅಲ್ಲಾಹನನ್ನು ನಂಬಿದವರೇ.

ನಮ್ಮ ಜಮಾಅತ್‌ಗಳಿಗೂ ಒಂದು ಮಾತು. ಊರಿನಲ್ಲಿ ಯಾರ ಮನೆಯಲ್ಲಿ ಏನು ಕಷ್ಟ ಎಂದು ಮೊಹಲ್ಲಾದವರಿಗೆ ಗೊತ್ತಾಗುತ್ತದೆ. ಇಲ್ಲಿಗೆ ಬಂದವನ ಹೆಸರು ಊರಿನ ಜಮಾಅತ್ ಪುಸ್ತಕದಲ್ಲಿರುತ್ತದೆ. ಬೆಂಗಳೂರಿನಲ್ಲಿ ಅವನು ಜುಮಾಕ್ಕೆ ಬಂದು ಹೋಗುವವನು ಮಾತ್ರ. ಅಂಗಡಿ ಮುಚ್ಚಿದರೂ ಊರಲ್ಲಿರುವ ಉಮ್ಮನಿಗೆ ಫೋನಿನಲ್ಲಿ "ಚೆನ್ನಾಗಿದ್ದೇನೆ" ಎನ್ನುತ್ತಾನೆ. ಕೊನೆಗೆ ಮೀಟರ್ ಬಡ್ಡಿಯವರ ಕೈಗೆ ಸಿಗುತ್ತಾನೆ. ಬಡ್ಡಿ ಹರಾಮ್ ಎಂದು ಮಿಂಬರ್‌ನಲ್ಲಿ ಹೇಳಿದರೆ ಸಾಲದು, ಬಡ್ಡಿಯಿಲ್ಲದ ದಾರಿಯೂ ಬೇಕು. ಝಕಾತ್ ಪಡೆಯಲು ಹಕ್ಕಿರುವ 8 ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಇದ್ದಾರೆ. ಪ್ರತಿ ಮಸೀದಿಯಲ್ಲಿ ಸಣ್ಣದೊಂದು ಕರ್ಝ್ ಹಸನ್ ನಿಧಿ, ಗುಟ್ಟು ಕಾಪಾಡುವ ಇಬ್ಬರು ಹಿರಿಯರು ಇದ್ದರೆ ಶುರು ಮಾಡಬಹುದು.

ಕಷ್ಟದಲ್ಲಿರುವ ಸಹೋದರರೇ, ಸಹೋದರಿಯರೇ, ದುಆ ಬಿಡಬೇಡಿ, ಪ್ರಯತ್ನವನ್ನೂ ಬಿಡಬೇಡಿ. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡಲು ಕಲಿಸಿದವರು ನಮ್ಮ ಪ್ರವಾದಿ(ಸ). ವಿಶ್ವಾಸವಿರುವ ಒಬ್ಬರಲ್ಲಾದರೂ ಇದ್ದದ್ದನ್ನು ಹೇಳಿಕೊಳ್ಳಿ. ಹೇಳಿಕೊಂಡರೆ ಈಮಾನ್ ಕಡಿಮೆಯಾಗುವುದಿಲ್ಲ. ನಿಮ್ಮ ದುಆದ ಉತ್ತರ ಅಲ್ಲಾಹು ಅವರ ಕೈಯಲ್ಲೇ ಇಟ್ಟಿರಬಹುದು.

ಅಲ್ಲಾಹು ನಮಗೆ ಹಲಾಲಾದ ರಿಝ್ಕನ್ನೂ ಅದನ್ನು ಹಂಚಿಕೊಳ್ಳುವ ಮನಸ್ಸನ್ನೂ ಕೊಡಲಿ. ಆಮೀನ್.