ಪುರಸ್ಕಾರದ ಪಟ್ಟಿಯಲ್ಲಿ ಕಾನೂನು ಓದುವವರೂ ಇರಲಿ

ನಮ್ಮ ಸಂಘ-ಸಂಸ್ಥೆಗಳ ಪ್ರತಿಭಾ ಪುರಸ್ಕಾರವೆಂದರೆ ಡಾಕ್ಟರು, ಇಂಜಿನಿಯರು, ಸಿಎ. ಕ್ರಿಮಿನಾಲಜಿ ಓದುತ್ತೇನೆಂದ ಮಗಳಿಗೆ 'ಠಾಣೆ, ಕೋರ್ಟು ಅಲೆಯುವ ಓದು ನಿನಗ್ಯಾಕೆ?' ಎನ್ನುವವರು ಹೆತ್ತವರೇ.

ಶಿರೂರು ತಾಲೂಕಿನ ರಾಂಜಣಗಾಂವ್ ಎಂಐಡಿಸಿಗೆ ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವನೊಬ್ಬ ಕೇಸಿನಲ್ಲಿ ಸಿಕ್ಕಿಕೊಂಡನೆನ್ನಿ. ಮರಾಠಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾನೆ. ಬಂಧನದಲ್ಲಿರುವವನಿಗೆ ಉಚಿತ ವಕೀಲರ ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಟ್ಟ ಹಕ್ಕು. ಅದನ್ನು ಅವನಿಗೆ ಕನ್ನಡದಲ್ಲಿ ಹೇಳುವವರು ಬೇಕಲ್ಲ! ಪ್ರಾಧಿಕಾರದ ಪ್ಯಾರಾ ಲೀಗಲ್ ಸ್ವಯಂಸೇವಕರಾಗಲು ಕಾನೂನು ವಿದ್ಯಾರ್ಥಿಗಳಿಗೂ ಅವಕಾಶವಿದೆ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಇಂಟರ್ನ್‌ಶಿಪ್ ಯಾವುದಿದೆ?

ಮುಂದಿನ ಓದಿಗೆ, ಕೈದಿಗಳ ನಡುವೆ ಕೆಲಸ ಮಾಡುವ 'ಪ್ರಯಾಸ್' ಅನ್ನು 1990ರಲ್ಲಿ ಆರಂಭಿಸಿದ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಿದೆ. ಊರ ಕಡೆ ಹೋಗುವುದಾದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ, ವಿಧಿವಿಜ್ಞಾನ ವಿಭಾಗವಿದೆ. ಕೆಲಸ ಸಿಕ್ಕೀತೇ ಎಂಬ ಆತಂಕ ಸಹಜ. ಆದರೆ 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು. ಸಜ್ಜಾಗಲು ರಾಜ್ಯಗಳಿಗೆ 5 ವರ್ಷದ ಗಡುವಿದೆ.

ಶಾಲು, ಸ್ಮರಣಿಕೆಯೊಂದೇ ಸಾಲದು. ಸಂಘದ ಸದಸ್ಯರಾದ ವಕೀಲರು ತಮ್ಮ ಆಫೀಸಿನಲ್ಲಿ ರಜೆಯ ಎರಡು ತಿಂಗಳು ಒಬ್ಬ ವಿದ್ಯಾರ್ಥಿಗೆ ಕುರ್ಚಿ ಕೊಡಲಿ. ಪದಾಧಿಕಾರಿಗಳು ಮುಂದಿನ ಸಭೆಯಲ್ಲೇ ಈ ಮಾತೆತ್ತಬೇಕೆಂದು ವಿನಂತಿ.