ಕಪ್ಪು ಮಡಕೆಗೆ ಕೆಮಿಕಲ್ ಬಣ್ಣ ಬಳಿದಿರುತ್ತಾರಾ?

ಬೇಸಿಗೆ ಬಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಮಣ್ಣಿನ ಮಡಕೆ ಬೇಕೇ ಬೇಕು. ಈಗ ಮಣ್ಣಿನ ಚಹಾ ಲೋಟಗಳೂ ಬಂದಿವೆ. ಜೊತೆಗೆ ಒಂದು ಅನುಮಾನವೂ ಇದೆ: ಕೆಂಪು ಮಡಕೆ ಶುದ್ಧ, ಕಪ್ಪು ಮಡಕೆಗೆ ಕೆಮಿಕಲ್ ಬಳಿದಿರುತ್ತಾರೆ ಎಂದು. ಇದು ನಿಜವೇ?

ಬರೀ ಬಣ್ಣ ನೋಡಿ ಹಾಗೆ ಹೇಳಲು ಬರುವುದಿಲ್ಲ.

ಕಪ್ಪು ಹೇಗೆ ಬರುತ್ತದೆ?

ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಅದು ಆಮ್ಲಜನಕದೊಂದಿಗೆ ಸೇರಿ ಮಡಕೆ ಕೆಂಪಾಗುತ್ತದೆ. ಗಾಳಿ ಕಟ್ಟಿ ಹೊಗೆ ತುಂಬಿಸಿದರೆ ಇಂಗಾಲ ಮಣ್ಣಿನ ಸಣ್ಣ ರಂಧ್ರಗಳಿಗೆ ಇಳಿದು ಅದೇ ಮಡಕೆ ಕಪ್ಪಾಗುತ್ತದೆ. ಮಣ್ಣು ಒಂದೇ, ಸುಡುವ ರೀತಿ ಬೇರೆ.

ಇದು ಹೊಸ ವಿದ್ಯೆಯಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್‌ನಲ್ಲಿ ಜನ 'ಮೊರ್ಯರ ಮನೆ' ಎನ್ನುವ ಕಲ್ಲಿನ ಸಮಾಧಿಗಳಿವೆಯಲ್ಲ, ಅವು 2000 ವರ್ಷಕ್ಕೂ ಹಳೆಯವು. ದಕ್ಷಿಣ ಭಾರತದ ಇಂಥ ನೆಲೆಗಳಲ್ಲಿ ಒಳಗೆ ಮತ್ತು ಬಾಯಿಯ ಬಳಿ ಕಪ್ಪು, ಹೊರಗೆ ಕೆಂಪು ಇರುವ ಬಟ್ಟಲುಗಳು ಸಿಗುತ್ತವೆ. ಬಟ್ಟಲನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಸಿಗದೆ ಕಪ್ಪು, ಹೊರಗೆ ಗಾಳಿ ಸಿಕ್ಕಿ ಕೆಂಪು ಎಂಬುದು ಸಾಮಾನ್ಯ ವಿವರಣೆ.

ಜಪಾನಿನಲ್ಲೂ ಕಪ್ಪು ಬಟ್ಟಲಿಗೆ ದೊಡ್ಡ ಗೌರವ. 16ನೇ ಶತಮಾನದಲ್ಲಿ ಕ್ಯೋಟೋದ ಕುಂಬಾರ ಚೋಜಿರೋ, ಚಹಾ ಗುರು ಸೆನ್ ನೋ ರಿಕ್ಯೂಗಾಗಿ 'ರಾಕು' ಬಟ್ಟಲು ಮಾಡಿದ. ಅದರ ಕಪ್ಪು ಹೊಗೆಯದಲ್ಲ, ಕಬ್ಬಿಣದ ಅಂಶವಿರುವ ಲೇಪದ್ದು. ಕೆಂಡದಂತೆ ಕಾದ ಬಟ್ಟಲನ್ನು ಇಕ್ಕಳದಿಂದ ಹೊರತೆಗೆದು ಬೇಗ ಆರಿಸುತ್ತಾರೆ.

ಹಾಗಾದರೆ ಎಚ್ಚರ ಯಾವುದರಲ್ಲಿ?

ಗಾಜಿನಂತೆ ಹೊಳೆಯುವ ಲೇಪದಲ್ಲಿ. ಕೆಲವು ಲೇಪಗಳಲ್ಲಿ ಸೀಸ ಇರುತ್ತದೆ. ಹುಣಸೆ ಸಾರು, ಮಜ್ಜಿಗೆ, ಉಪ್ಪಿನಕಾಯಿಯಂಥ ಹುಳಿ ಪದಾರ್ಥ ಇಟ್ಟರೆ ಅದು ಊಟಕ್ಕೆ ಇಳಿಯಬಹುದು. ಕಣ್ಣಿಗೆ ಕಾಣುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಮಕ್ಕಳ ಮಿದುಳಿನ ಬೆಳವಣಿಗೆಗೆ ಇದು ಹಾನಿಕರ. ಸೀಸಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಏನು ಮಾಡಬೇಕು?

• ನೀರಿಗೆ ಲೇಪವಿಲ್ಲದ ಮಡಕೆ ಕೊಳ್ಳಿ. ನೀರು ಜಿನುಗಿ ಆವಿಯಾದರೆ ಮಾತ್ರ ತಂಪು.
• ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಬೇಡ.
• ಹೊಳೆಯುವ ಪಾತ್ರೆಯಾದರೆ ಸೀಸರಹಿತ, ಆಹಾರಕ್ಕೆ ಯೋಗ್ಯ ಎಂಬ ಗುರುತು ನೋಡಿ. ಅಲಂಕಾರದ ಪಾತ್ರೆಯಲ್ಲಿ ಊಟ ಇಡಬೇಡಿ.

'ಕಪ್ಪು ಮಡಕೆ ವಿಷ' ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಅದರಿಂದ ಹೋಗುವುದು ಕುಂಬಾರರ ವ್ಯಾಪಾರ. ಸೀಸದ ಅಪಾಯ ಮಾತ್ರ ಇದ್ದಲ್ಲೇ ಉಳಿಯುತ್ತದೆ.